ಮಳೆ ನಡಿಗೆಯಲ್ಲಿ ನಿಲ್ಲುವ ಲೆಕ್ಕ

ಎಂಟು ಜನ ಗೆಳೆಯರು ಮಳೆಯಲ್ಲಿ ಹೊಲದ ದಾರಿ ಹಿಡಿದು ಹೊರಟಿದ್ದಾರೆ ಅಂದುಕೊಳ್ಳಿ. ಒಬ್ಬರ ಶೂ ಲೇಸು ಬಿಚ್ಚಿತು, ಎಲ್ಲರೂ ನಿಂತರು. ಕಟ್ಟಿ ಮುಗಿಸಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ಇನ್ನೊಬ್ಬರಿಗೆ ಸೆಕೆ, ಒಳಗಿನ ಸ್ವೆಟರ್ ತೆಗೆಯಬೇಕು. ಮತ್ತೆ ಎಲ್ಲರೂ ನಿಂತರು. ಆಮೇಲೆ ಕನ್ನಡಕ ಒರೆಸಿಕೊಳ್ಳುವವರು, ನೀರಿನ ಬಾಟಲಿಯನ್ನು ಚೀಲದ ತಳಕ್ಕೆ ಹಾಕಿಟ್ಟವರು, ಫೋನ್ ತೆಗೆದು ದಾರಿ ನೋಡುವವರು. ತಲೆಗೆ ಐದೈದೇ ನಿಮಿಷ ಅಂದರೂ ಒಟ್ಟು 40 ನಿಮಿಷ. ಆ 40 ನಿಮಿಷವೂ ಎಂಟೂ ಜನರ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ಬಿಸಿಲಿನ ದಿನವಾದರೆ ಇಷ್ಟು ಹೊತ್ತು ಹರಟೆಯಲ್ಲಿ ಕರಗಿಹೋಗುತ್ತಿತ್ತು, ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಮಳೆಯಲ್ಲಿ ಗುಂಪು ಕೆಡುವುದು ನಡೆಯುವಾಗ ಕಡಿಮೆ, ನಿಂತಾಗ ಹೆಚ್ಚು. ಬಟ್ಟೆ, ಚೀಲ, ದಾರಿ, ವೇಗ, ಊಟ ಎಲ್ಲದರ ಬಗ್ಗೆ ಮುಂದೆ ಹೇಳುವುದೂ ಈ ಒಂದು ಮಾತಿನ ಸುತ್ತಲೇ ಇದೆ.

ಕಾರಣ ಸರಳ. ಸುಮ್ಮನೆ ಕೂತ ವಯಸ್ಕರ ಮೈ ಸುಮಾರು 100 ವಾಟ್ ಶಾಖ ಹೊರಹಾಕುತ್ತದೆ. ಸಮತಟ್ಟಾದ ದಾರಿಯಲ್ಲಿ ಚುರುಕಾಗಿ ನಡೆದರೆ ಅದು 300 ವಾಟ್ ಆಸುಪಾಸಿಗೆ ಏರುತ್ತದೆ, ದಿಬ್ಬ ಹತ್ತುವಾಗ ಇನ್ನೂ ಮೇಲೆ. ಹೀಗೆ ಒಲೆ ಉರಿಯುತ್ತಿರುವಷ್ಟು ಹೊತ್ತು ಒದ್ದೆ ಬಟ್ಟೆ ಬರೀ ಕಿರಿಕಿರಿ. ನಿಂತ ಕೂಡಲೇ ಉರಿ ಇಳಿಯುತ್ತದೆ, ಒದ್ದೆ ಮಾತ್ರ ಮೈಗೆ ಅಂಟಿಕೊಂಡೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಅಂಗಿ, ಪ್ಯಾಂಟು, ಕಾಲುಚೀಲ ಸೇರಿ ಅರ್ಧ ಲೀಟರ್ ನೀರು ಕುಡಿದಿವೆ ಅನ್ನಿ. ಆ ನೀರನ್ನು ಮೈಬಿಸಿಯಿಂದಲೇ ಆವಿ ಮಾಡಿ ಒಣಗಿಸಲು ಸುಮಾರು 1,200 ಕಿಲೋಜೌಲ್ ಶಾಖ ಬೇಕು. ಕೂತ ಮೈ ಗಂಟೆಗೆ ಹುಟ್ಟಿಸುವುದು 360 ಕಿಲೋಜೌಲ್. ಮೂರು ಗಂಟೆಗೂ ಮೀರಿದ ಪೂರ್ತಿ ಮೈಶಾಖ ಬರೀ ಬಟ್ಟೆ ಒಣಗಿಸುವುದಕ್ಕೇ ಹೋಯಿತು ಎಂದಾಯಿತು. “ಸ್ವಲ್ಪ ಹೊತ್ತು ಇಲ್ಲೇ ಕೂತರೆ ಒಣಗುತ್ತೆ ಬಿಡಿ” ಅನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಹೊರಡುವ ಹಿಂದಿನ ಸಂಜೆ

ಹವಾಮಾನ ನೋಡುವಾಗ ಹೆಚ್ಚಿನವರ ಕಣ್ಣು ಶೇಕಡಾವಾರು ಅಂಕಿಯ ಮೇಲೆ ಬೀಳುತ್ತದೆ. “ಮಳೆ ಸಾಧ್ಯತೆ ಶೇ 80” ಎಂದರೆ ಮಳೆ ಬರಬಹುದು ಅಂತಷ್ಟೇ ಗೊತ್ತಾಗುತ್ತದೆ, ಎಷ್ಟು ಅಂತ ಅಲ್ಲ. ನೋಡಬೇಕಾದದ್ದು ಗಂಟೆಗಂಟೆಯ ಮಿಲಿಮೀಟರ್ ಮತ್ತು ಗಾಳಿಯ ವೇಗ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ತಲೆ, ಹೆಗಲು, ಬೆನ್ನಿನ ಚೀಲ ಸೇರಿ ಮೇಲಿನಿಂದ ನೋಡಿದರೆ ಒಬ್ಬರು ಸುಮಾರು 0.2 ಚದರ ಮೀಟರ್ ಜಾಗ ಹಿಡಿಯುತ್ತಾರೆ. ಗಂಟೆಗೆ 5 ಮಿ.ಮೀ.ನಂತೆ ಮೂರು ಗಂಟೆ ನಡೆದರೆ ಒಬ್ಬೊಬ್ಬರ ಮೇಲೂ 3 ಲೀಟರ್ ನೀರು ಬಿದ್ದಿರುತ್ತದೆ. ಎದುರಿನಿಂದ ಹೊಡೆಯುವ ಹನಿ ಇದರಲ್ಲಿ ಸೇರಿಲ್ಲ. ದಿನವಿಡೀ 20 ಮಿ.ಮೀ. ಅಂತ ಬರೆದಿದ್ದರೆ ಅದು ಹತ್ತು ಗಂಟೆ ಹಿಡಿದ ಸೋನೆಯೋ, ಮಧ್ಯಾಹ್ನದ ಒಂದೇ ಗಂಟೆಯ ಜಡಿಮಳೆಯೋ ನೋಡಿಕೊಳ್ಳಿ. ಸೋನೆಯಲ್ಲಿ ಆರಾಮಾಗಿ ನಡೆಯಬಹುದು. ಇನ್ನೊಂದರಲ್ಲಿ ಹಳ್ಳ ಉಕ್ಕುತ್ತದೆ.

ಗಾಳಿಯ ಅಂಕಿ ಕೊಡೆಯ ಹಣೆಬರಹವನ್ನೂ ತೀರ್ಮಾನಿಸುತ್ತದೆ. ಗಾಳಿ ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 6ನೇ ಹಂತ, ಅಂದರೆ ಗಂಟೆಗೆ 39ರಿಂದ 49 ಕಿ.ಮೀ., ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬ ವಿವರಣೆಯಲ್ಲೇ “ಕೊಡೆ ಹಿಡಿಯುವುದು ಕಷ್ಟ” ಎಂಬ ಮಾತಿದೆ. ಅದಕ್ಕಿಂತ ಬಹಳ ಕೆಳಗಿದ್ದರೆ ಕೊಡೆಯನ್ನು ಹಗುರವಾಗಿ ಕಾಣಬೇಡಿ. ಗಾಳಿಯಿಲ್ಲದ ಮಳೆಯಲ್ಲಿ, ಅಗಲವಾದ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಮಳೆರಕ್ಷೆ ಇಲ್ಲ. ಮುಖಕ್ಕೆ ಹನಿ ಬೀಳದು, ಮೈ ಬೆವರದು, ಪಕ್ಕದವರ ಮಾತು ಕೇಳುತ್ತದೆ. ಕಿರಿದಾದ ಕಾಲುದಾರಿಯಲ್ಲಿ ಸಾಲಾಗಿ ಎಂಟು ಕೊಡೆ ಹೊರಟರೆ ಮಾತ್ರ ಹಿಂದಿನವರ ಕಣ್ಣಿಗೆ ಕಡ್ಡಿ ತಪ್ಪಿದ್ದಲ್ಲ.

ದಾರಿ ಆರಿಸುವಾಗ ಬಿಸಿಲಿನ ದಿನಕ್ಕಿಂತ ಕಾಲು ಭಾಗ ಕಡಿಮೆ ಇಟ್ಟುಕೊಳ್ಳುವುದು ಲೇಸು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಂದಿಗೂ ನಡೆಯುವವರು ಬಳಸುವ ಲೆಕ್ಕ ಇದು. ಆದರೆ ಇದು ಗಟ್ಟಿ ನೆಲ, ಗಟ್ಟಿ ಕಾಲು, ನಿಲ್ಲದ ನಡಿಗೆಗೆ ಹೊಂದುವ ಸೂತ್ರ. ಕೆಸರಿನಲ್ಲಿ ಗುಂಪಾಗಿ ನಡೆದರೆ ಗಂಟೆಗೆ 3 ಕಿ.ಮೀ. ಸಿಕ್ಕರೆ ಪುಣ್ಯ. 12 ಕಿ.ಮೀ. ದಾರಿಗೆ ನೈಸ್ಮಿತ್ ಲೆಕ್ಕ ಎರಡೂವರೆ ಗಂಟೆಗಿಂತ ಕಡಿಮೆ ಹೇಳುತ್ತದೆ, ಕೆಸರಿನ ಲೆಕ್ಕ ನಾಲ್ಕು ಗಂಟೆ. ಮೋಡ ಕವಿದ ಸಂಜೆ ಬೇಗ ಕತ್ತಲಾಗುವುದರಿಂದ ಈ ಒಂದೂವರೆ ಗಂಟೆ ಎಲ್ಲಿಂದ ಬರಬೇಕು ಎಂದು ಮೊದಲೇ ಯೋಚಿಸಿ.

ನಕ್ಷೆಯಲ್ಲಿ ಇನ್ನೆರಡು ಗುರುತು ಹಾಕಿಕೊಳ್ಳಬೇಕು. ಸೇತುವೆಯಿಲ್ಲದೆ ನೀರು ದಾಟುವ ಜಾಗಗಳು ಎಷ್ಟಿವೆ, ಮತ್ತು ಅರ್ಧ ದಾರಿಯಲ್ಲಿ ನಡಿಗೆ ಮೊಟಕುಗೊಳಿಸಿ ರಸ್ತೆ ಸೇರುವ ಅಡ್ಡದಾರಿ ಎಲ್ಲಿದೆ. ಅಂಥ ಅಡ್ಡದಾರಿ ಒಂದೂ ಇಲ್ಲದ ಸುತ್ತುದಾರಿಯನ್ನು ಮಳೆಯ ದಿನ ಕೈಬಿಡುವುದೇ ಸರಿ. ನಕ್ಷೆಯ ಕಾಗದದ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿರಲಿ. ಟಚ್‌ಸ್ಕ್ರೀನ್ ಬೆರಳನ್ನು ಗುರುತಿಸುವುದು ವಿದ್ಯುತ್ ಬದಲಾವಣೆಯಿಂದ. ನೀರ ಹನಿಯೂ ಅದೇ ಬದಲಾವಣೆ ತರುವುದರಿಂದ ಮಳೆಯಲ್ಲಿ ಪರದೆ ತನಗೆ ತೋಚಿದ್ದನ್ನು ಒತ್ತಿಕೊಳ್ಳುತ್ತದೆ, ನೀವು ಒತ್ತಿದ್ದನ್ನು ಕೇಳುವುದಿಲ್ಲ. ಎಂಟು ಜನ ಎಂಟು ಫೋನ್ ಒರೆಸುತ್ತ ಕವಲುದಾರಿಯಲ್ಲಿ ನಿಲ್ಲುವ ದೃಶ್ಯ ತಪ್ಪಿಸಲು ಒಂದು ಕಾಗದ ಸಾಕು.

ಹೊರಗಿನ ನೀರು, ಒಳಗಿನ ನೀರು

ಮಳೆಯಂಗಿಯ ಕಥೆ ಎರಡು ಇಸವಿಗಳ ನಡುವೆ ನಡೆಯುತ್ತದೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಹಚ್ಚಿ ನೀರಿಳಿಯದ ಬಟ್ಟೆಗೆ ಪೇಟೆಂಟ್ ಪಡೆದರು. ಮಳೆ ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಗಕ್ಕನೆ ಎಳೆದಾಗ ಅದು ಕಣ್ಣಿಗೆ ಕಾಣದ ರಂಧ್ರಗಳ ತೆಳುಪೊರೆಯಾಗಿ ಹಿಗ್ಗಿತು. ನೀರ ಹನಿ ನುಗ್ಗದಷ್ಟು ಸಣ್ಣ, ಆವಿ ಹೊರಹೋಗುವಷ್ಟು ದೊಡ್ಡ ರಂಧ್ರ. ಇಂದಿನ ದುಬಾರಿ ಜಾಕೆಟ್‌ಗಳಲ್ಲಿ ಬಹುಪಾಲು ಈ ಉಪಾಯದ ಮಕ್ಕಳು ಮೊಮ್ಮಕ್ಕಳೇ.

ಆದರೂ ಅಂಥ ಜಾಕೆಟ್ ತೊಟ್ಟವರು ಎರಡು ಗಂಟೆಯಲ್ಲಿ “ನೀರು ಸೋರುತ್ತಿದೆ” ಎಂದು ಗೊಣಗುತ್ತಾರೆ. ಹೆಚ್ಚಿನ ಸಲ ಅದು ಸೋರಿಕೆಯಲ್ಲ. ಪೊರೆಯ ಮೇಲಿನ ಹೊರಬಟ್ಟೆಗೆ ನೀರು ನಿಲ್ಲದಂತೆ ಒಂದು ಲೇಪ ಹಚ್ಚಿರುತ್ತಾರೆ. ಹೊಸದರಲ್ಲಿ ಹನಿಗಳು ಮುತ್ತಿನಂತೆ ಉರುಳಿ ಬೀಳುವುದು ಅದರಿಂದಲೇ. ಚೀಲದ ಪಟ್ಟಿಯ ತಿಕ್ಕಾಟ, ಮೈಯ ಜಿಡ್ಡು, ಬಟ್ಟೆ ಸೋಪಿನ ಪುಡಿಯ ಶೇಷ, ಇವು ಲೇಪವನ್ನು ಕೊಲ್ಲುತ್ತವೆ. ಆಮೇಲೆ ಹೊರಬಟ್ಟೆ ನೀರು ಕುಡಿದು ತಣ್ಣಗೆ ಜೋತುಬೀಳುತ್ತದೆ, ಆವಿಗೆ ದಾರಿ ಮುಚ್ಚುತ್ತದೆ, ಬೆವರು ಒಳಮೈಯಲ್ಲೇ ಹನಿಗಟ್ಟುತ್ತದೆ. ಪರೀಕ್ಷೆ ಸುಲಭ: ಹೊರಡುವ ಮುಂಚೆ ಹೆಗಲಿನ ಮೇಲೆ ಒಂದು ಚಮಚ ನೀರು ಚೆಲ್ಲಿ. ಉರುಳಿದರೆ ಸರಿ. ಹರಡಿ ಕಪ್ಪಗಾದರೆ ಅಂಥ ಬಟ್ಟೆಗೆಂದೇ ಮಾಡಿದ ಸೋಪಿನಲ್ಲಿ ತೊಳೆದು, ಲೇಬಲ್ ಒಪ್ಪಿದರೆ ಡ್ರೈಯರಿನ ಹದ ಬಿಸಿ ಕೊಡಿ. ಬಿಸಿಗೆ ಹಳೆಯ ಲೇಪ ಅರ್ಧಕ್ಕರ್ಧ ಚೇತರಿಸಿಕೊಳ್ಳುತ್ತದೆ. ಆಗಲೂ ಉರುಳದಿದ್ದರೆ ಹೊಸ ಲೇಪ ಸಿಂಪಡಿಸಬೇಕು.

ಬೆವರಿನ ಸಮಸ್ಯೆಗೆ ಜಾಕೆಟ್ಟಿಗಿಂತ ದೊಡ್ಡ ಮದ್ದು ನಡಿಗೆಯ ವೇಗದಲ್ಲಿದೆ. ಹೊರಡುವಾಗ ತುಸು ಚಳಿ ಅನ್ನಿಸಬೇಕು. ಬೆಚ್ಚಗೆ ಹೊದ್ದು ಹೊರಟ ಗುಂಪು ಹತ್ತನೇ ನಿಮಿಷದಿಂದ ಒಬ್ಬೊಬ್ಬರಾಗಿ ನಿಂತು ಬಿಚ್ಚತೊಡಗುತ್ತದೆ, ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ. ಹೇಗೂ ಒಂದಿಬ್ಬರು ಬಿಚ್ಚುವವರು ಇದ್ದೇ ಇರುತ್ತಾರೆ. ಆದ್ದರಿಂದ 15ನೇ ನಿಮಿಷಕ್ಕೆ ಒಂದೇ ಒಂದು ನಿಲುಗಡೆಯನ್ನು ಮೊದಲೇ ಸಾರಿಬಿಡಿ. ಬಿಚ್ಚುವುದು, ತೊಡುವುದು, ಲೇಸು ಬಿಗಿಯುವುದು, ಗಿಡದ ಮರೆಗೆ ಹೋಗುವುದು, ಎಲ್ಲ ಆಗಲೇ. ಬಿಡಿ ಬಿಡಿಯಾಗಿ ಐದೈದು ನಿಮಿಷ ತಿನ್ನುವ ಕೆಲಸಗಳು ಒಟ್ಟಿಗೆ ಐದು ನಿಮಿಷದಲ್ಲಿ ಮುಗಿಯುತ್ತವೆ. ಈ ಬರಹದಿಂದ ಒಂದೇ ಸಂಗತಿ ಆರಿಸಿಕೊಳ್ಳುವವರು ಇದನ್ನು ಆರಿಸಿಕೊಳ್ಳಲಿ.

ಒಳಬಟ್ಟೆಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಹತ್ತಿ ತನ್ನ ತೂಕಕ್ಕಿಂತ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನಕ್ಕೆ ಒಣಗುತ್ತದೆ. ಜೀನ್ಸ್ ಅದರಲ್ಲಿ ಅತಿ ಕೆಟ್ಟದ್ದು: ಮೊಣಕಾಲಿಗೆ ಅಂಟಿ ಹೆಜ್ಜೆಯನ್ನೇ ಗಿಡ್ಡ ಮಾಡುತ್ತದೆ. ತೆಳು ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ನೂಲಿನೊಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ.

ಮಳೆ ಪ್ಯಾಂಟನ್ನು ಮಳೆ ಬಂದಮೇಲೆ ಹಾಕಿಕೊಳ್ಳುವುದು ಒಂದು ಸರ್ಕಸ್. ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತು, ರಾಡಿ ಮೆತ್ತಿದ ಶೂವನ್ನು ಪ್ಯಾಂಟಿನ ಕಾಲಿನೊಳಗೆ ತುರುಕಬೇಕು, ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೊಂದು ಉಪಾಯ: ಶೂಗೆ ಮೊದಲು ಒಂದು ಪ್ಲಾಸ್ಟಿಕ್ ಚೀಲ ಹಾಕಿ, ಆಮೇಲೆ ತುರುಕಿ. ಜಾರಿಕೊಂಡು ಹೊರಬರುತ್ತದೆ, ಚೀಲ ತೆಗೆದು ಇನ್ನೊಂದು ಕಾಲಿಗೆ ಹಾಕಿ. ಮಳೆ ಪ್ಯಾಂಟಿನ ಅಂಚು ಬೂಟಿನ ಹೊರಗೇ ಇರಲಿ. ಒಳಗೆ ಸಿಕ್ಕಿಸಿದರೆ ಜಾಕೆಟ್ಟಿನಿಂದ ಇಳಿದ ಅಷ್ಟೂ ನೀರಿಗೆ ಬೂಟೇ ಕೊಡ.

ಕನ್ನಡಕದವರು ಹುಡ್ ಕೆಳಗೆ ಮುಂಚಾಚು ಇರುವ ಟೋಪಿ ಹಾಕಿಕೊಂಡರೆ ಅರ್ಧ ಕಷ್ಟ ಪರಿಹಾರ. ಹನಿ ಗಾಜಿಗೆ ಬೀಳದು, ಹುಡ್ ಕಣ್ಣ ಮೇಲೆ ಇಳಿಯದು.

ಚೀಲದಲ್ಲಿ ಯಾವುದು ಎಲ್ಲಿ

ಬೆನ್ನುಚೀಲದ ಮೇಲೆ ಹಾಕುವ ಮಳೆ ಕವರನ್ನು ನಂಬಿ ಕೂತವರು ಸಂಜೆಗೆ ಒದ್ದೆ ಸ್ವೆಟರ್ ತೆಗೆಯುತ್ತಾರೆ. ಹೊರಗಿನ ಕವರ್ ಬೆನ್ನಿನ ಕಡೆಯನ್ನು ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ಹರಿದು, ಬೆನ್ನಿನ ಮೆತ್ತೆಯ ಮೂಲಕ ಒಳಕ್ಕೆ ಇಳಿಯುತ್ತದೆ, ಕವರಿನ ತಳದಲ್ಲಿ ಕೆರೆ ಕಟ್ಟುತ್ತದೆ. ಚೀಲದ ಒಳಗೆ ಒಂದು ದಪ್ಪ, ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ತುಂಬಿ, ಬಾಯನ್ನು ತಿರುಚಿ ಮಡಚಿ ಒತ್ತಿಡಿ. ಅದು ಬಹುಕಾಲ ಕೈಕೊಡುವುದಿಲ್ಲ.

ಒಂದು ನಿಯಮವನ್ನು ಇಡೀ ಗುಂಪು ಒಪ್ಪಿಕೊಳ್ಳಬೇಕು: ನಡೆಯುವಾಗ ಬೇಕಾಗುವ ಯಾವುದಕ್ಕೂ ಈ ಒಳಚೀಲದ ಬಾಯಿ ಬಿಚ್ಚುವಂತಿರಬಾರದು. ನೀರು ಪಕ್ಕದ ಜೇಬಿನಲ್ಲಿ, ತಿನ್ನುವುದು ಜಾಕೆಟ್ಟಿನ ಜೇಬಿನಲ್ಲಿ, ಕೈಗವಸು ಇನ್ನೊಂದರಲ್ಲಿ. ತಿನಿಸು ಒಂದೇ ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನುವಂಥದ್ದಾಗಿರಲಿ, ಪೊಟ್ಟಣವನ್ನು ಮನೆಯಲ್ಲೇ ಅರ್ಧ ಕತ್ತರಿಸಿಡಿ. ಮರಗಟ್ಟಿದ ಬೆರಳಿಗೆ ಪ್ಲಾಸ್ಟಿಕ್ ಹರಿಯಲು ಆಗುವುದಿಲ್ಲ. ಜಿಪ್ಪಿನ ತುದಿಗಳಿಗೆ ಒಂದೊಂದು ಗೇಣು ದಾರ ಕಟ್ಟಿಟ್ಟರೂ ಆ ಹೊತ್ತಿಗೆ ದೇವರು ಬಂದಂತಾಗುತ್ತದೆ. ಒಳಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಬೆಚ್ಚನೆಯ ಅಂಗಿ. ಅದಕ್ಕೆ ಒಂದೇ ಕೆಲಸ, ದೊಡ್ಡ ನಿಲುಗಡೆಯಲ್ಲಿ ಮೈಮೇಲೆ ಬರುವುದು. ಚಳಿಯಾಯಿತು ಅಂತ ನಡೆಯುವಾಗಲೇ ಹಾಕಿಕೊಂಡರೆ ಅದೂ ಬೆವರಿಗೆ ಒದ್ದೆಯಾಗುತ್ತದೆ, ಬೇಕಾದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಗುಂಪಿಗೆ ಸೇರಿದ ಸಾಮಾನು ಬೇರೆ: ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ತಲೆದೀಪ, ಒಂದು ಸೀಟಿ, ಒಂದು ಫ್ಲಾಸ್ಕ್ ಬಿಸಿ ಪಾನೀಯ. ಯಾವುದು ಯಾರ ಚೀಲದಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ. ದೀಪ ಇಟ್ಟುಕೊಂಡವರೇ ಮುಂದೆ ಹೋಗಿ ಕಾಣೆಯಾದರೆ ದೀಪವಿದ್ದೂ ಕತ್ತಲೆ.

ಕೆಸರು

ಕೆಸರನ್ನು ಕಂಡ ಕೂಡಲೇ ಕಾಲು ತಾನಾಗಿ ಅಂಚಿಗೆ ಸರಿಯುತ್ತದೆ. ಮೊದಲನೆಯವರು ಅಂಚಿನ ಹುಲ್ಲು ತುಳಿಯುತ್ತಾರೆ, ಎಂಟನೆಯವರ ಹೊತ್ತಿಗೆ ಅಂಚೂ ರಾಡಿ. ಮುಂದಿನ ಗುಂಪು ಇನ್ನೂ ಅತ್ತ ಸರಿಯುತ್ತದೆ. ಒಂದು ಮಾರು ಅಗಲದ ಕಾಲುದಾರಿ ಒಂದೇ ಮಳೆಗಾಲದಲ್ಲಿ ನಾಲ್ಕು ಮಾರಾಗುವುದು, ಪೈರಿನ ಸಾಲು ಸತ್ತುಹೋಗುವುದು ಹೀಗೆ. ಹೊಲ ಬೇರೆಯವರದ್ದು. ಸಾಲಾಗಿ, ದಾರಿಯ ನಡುವೆಯೇ, ಕೆಸರು ತುಳಿದೇ ಹೋಗಬೇಕು. ಹೇಗೂ ಮೊದಲ ಅರ್ಧ ಗಂಟೆಯಲ್ಲಿ ಕಾಲು ಒದ್ದೆಯಾಗಿರುತ್ತದೆ, ಆಮೇಲೆ ಕಾಪಾಡುವುದು ಯಾವುದನ್ನು?

ಕಾಲಿನ ಬಗ್ಗೆ ನಡೆಯುವವರು ಎರಡು ಪಂಗಡ. ನೀರಿಳಿಯದ ಬೂಟಿನವರು ಹುಲ್ಲಿನ ಇಬ್ಬನಿಗೂ ಸಣ್ಣ ಸೋನೆಗೂ ಗೆಲ್ಲುತ್ತಾರೆ. ನೀರು ಒಮ್ಮೆ ಮೇಲಿನಿಂದ ಒಳಗೆ ಇಳಿಯಿತೋ, ಹೊರಹೋಗಲು ದಾರಿಯಿಲ್ಲದೆ ಇಡೀ ದಿನ ಅಲ್ಲೇ ಕುಲುಕುತ್ತದೆ. ಜಾಲರಿ ಶೂನವರು ಮೊದಲ ಹುಲ್ಲಿಗೇ ಒದ್ದೆ, ಆದರೆ ಹತ್ತು ನಿಮಿಷ ನಡೆದರೆ ನೀರು ಹಿಂಡಿಹೋಗುತ್ತದೆ. ಬೆಚ್ಚನೆಯ ಮಳೆಗೆ ಜಾಲರಿ, ತಣ್ಣನೆಯ ಮಳೆಗೆ ಬೂಟು ಮತ್ತು ಬೂಟಿನ ಬಾಯಿ ಮುಚ್ಚುವ ಕಣಕಾಲಿನ ಪಟ್ಟಿ, ಇದು ನಮ್ಮ ಪಕ್ಷ. ಒದ್ದೆಯಲ್ಲಿ ನೆನೆದ ಚರ್ಮ ಮೆತ್ತಗಾಗಿ ತಿಕ್ಕಾಟ ಹೆಚ್ಚಾಗುತ್ತದೆ, ಗುಳ್ಳೆ ಏಳುವುದು ಅದಕ್ಕೇ. ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದ ತಕ್ಷಣ ಹೇಳಬೇಕು. ಆಗ ಟೇಪು ಹಚ್ಚುವುದು ಎರಡು ನಿಮಿಷದ ಕೆಲಸ. ಗುಂಪಿಗೆ ತೊಂದರೆ ಯಾಕೆ ಎಂದು ಸಂಕೋಚದಿಂದ ಸುಮ್ಮನಿದ್ದವರು ಮುಂದಿನ ಮೂರು ಕಿ.ಮೀ.ಯಲ್ಲಿ ಎಲ್ಲರನ್ನೂ ಕುಂಟಿನ ವೇಗಕ್ಕೆ ಇಳಿಸುತ್ತಾರೆ.

ಜಾರುವ ಜಾಗಗಳಿಗೂ ಒಂದು ಕ್ರಮವಿದೆ. ಕೆಸರಿಗಿಂತ ಅಪಾಯ ಸಿಪ್ಪೆ ಹೋದ ಒದ್ದೆ ಮರದ ಬೇರು, ಅದರಲ್ಲೂ ದಾರಿಗೆ ಓರೆಯಾಗಿ ಹಾದದ್ದು. ಆಮೇಲೆ ಪಾಚಿ ಕಟ್ಟಿದ ಮರದ ಹಲಗೆ, ಬೇಲಿ ದಾಟುವ ಮೆಟ್ಟಿಲು, ಮೆರುಗು ಬಂದ ಕಲ್ಲು. ಇವುಗಳ ಮೇಲೆ ಹೆಜ್ಜೆಯನ್ನು ಚಪ್ಪಟೆಯಾಗಿ ಇಡಿ, ಭಾರ ನೇರ ಕೆಳಕ್ಕೆ ಇಳಿಯಲಿ, ಮುಂದಕ್ಕೆ ತಳ್ಳಬೇಡಿ. ಇಳಿಜಾರಿನಲ್ಲಿ ಹಿಂದಕ್ಕೆ ಬಾಗುವುದು ಎಲ್ಲರ ಸಹಜ ಹೆದರಿಕೆ, ಬೀಳಿಸುವುದೂ ಅದೇ. ಮೊಣಕಾಲು ತುಸು ಮಡಚಿ, ಗಿಡ್ಡ ಹೆಜ್ಜೆ. ಜಿಗುಟು ಮಣ್ಣು ಅಟ್ಟೆಗೆ ಮೆತ್ತಿ ಒಂದೊಂದು ಕಾಲೂ ಗುಂಡುಕಲ್ಲಿನಂತಾದಾಗ ನಿಂತು ಕೆರೆಯಬೇಡಿ. ಒದ್ದೆ ಹುಲ್ಲು ಸಿಕ್ಕಲ್ಲಿ ನಡೆಯುತ್ತಲೇ ಕಾಲನ್ನು ಪಕ್ಕಕ್ಕೆ ಎಳೆದರೆ ಮುಕ್ಕಾಲು ಪಾಲು ಬಿಟ್ಟುಕೊಳ್ಳುತ್ತದೆ.

ಹುಡ್ ಒಳಗೆ ಒಬ್ಬೊಬ್ಬರೇ

ಮಳೆ ಜೋರಾದಾಗ ಗುಂಪಿಗೆ ಏನಾಗುತ್ತದೆ ನೋಡಿ. ಎಲ್ಲರೂ ಹುಡ್ ಎಳೆದುಕೊಳ್ಳುತ್ತಾರೆ. ಹುಡ್ ಮೇಲೆ ಹನಿ ಬೀಳುವ ಸದ್ದಿಗೆ ಐದು ಹೆಜ್ಜೆ ಹಿಂದಿನವರ ಕೂಗು ಕೇಳುವುದಿಲ್ಲ. ತಲೆ ತಿರುಗಿಸಿದರೆ ಹುಡ್ ತಿರುಗುವುದಿಲ್ಲ, ಕಾಣುವುದು ಹುಡ್‌ನ ಒಳಬಟ್ಟೆ. ಹಾಗಾಗಿ ಯಾರೂ ಹಿಂದೆ ನೋಡುವುದಿಲ್ಲ. ಕಣ್ಣು ಮುಂದಿನವರ ಹಿಮ್ಮಡಿಯ ಮೇಲೆ, ಮನಸ್ಸು ತನ್ನ ಒದ್ದೆ ಕಾಲಿನ ಮೇಲೆ. ಚಳಿಯಾದವರು ಜೋರಾಗಿ ನಡೆಯುತ್ತಾರೆ, ದಣಿದವರು ಮೆಲ್ಲಗೆ. ಅರ್ಧ ಗಂಟೆಯಲ್ಲಿ ಸಾಲು ಅರ್ಧ ಕಿ.ಮೀ. ಉದ್ದವಾಗಿರುತ್ತದೆ. ಆಮೇಲೆ ಮುಂದಿನವರು ಕವಲಿನಲ್ಲಿ ಹಿಂದಿನವರಿಗಾಗಿ ಹತ್ತು ನಿಮಿಷ ನಿಂತು ನಡುಗುತ್ತಾರೆ, ಹಿಂದಿನವರು ಬಂದ ಕೂಡಲೇ ಹೊರಟುಬಿಡುತ್ತಾರೆ. ಎಲ್ಲರಿಗಿಂತ ದಣಿದವರಿಗೆ ಒಂದು ನಿಮಿಷವೂ ವಿಶ್ರಾಂತಿ ಸಿಗುವುದಿಲ್ಲ. ಗುಂಪು ನಡಿಗೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಪರಿಹಾರಕ್ಕೆ ಮೂರು ಜನ ಬೇಕು. ದಾರಿ ಬಲ್ಲವರೊಬ್ಬರು ಮುಂದೆ. ಅವರ ಬೆನ್ನಿಗೇ, ಎರಡನೆಯ ಜಾಗದಲ್ಲಿ, ಗುಂಪಿನಲ್ಲಿ ಮೆಲ್ಲಗೆ ನಡೆಯುವವರು. ಅವರನ್ನು ಕೊನೆಗೆ ಬಿಟ್ಟರೆ ಅವರು ಓಡಿ ಸೇರಿಕೊಳ್ಳಬೇಕು, ಎರಡನೆಯವರಾದರೆ ವೇಗವೇ ಅವರದ್ದಾಗುತ್ತದೆ. ಎಲ್ಲರಿಗಿಂತ ಹಿಂದೆ ಗಟ್ಟಿ ಕಾಲಿನ, ತಾಳ್ಮೆಯ ಒಬ್ಬರು. ಆ ಕೊನೆಯವರಿಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ, ಗೇಟು ಮುಚ್ಚುವ ಹೊಣೆಯೂ ಅವರದ್ದೇ. ಕವಲಿನ ನಿಯಮ ಹೀಗಿರಲಿ: ದಾರಿ ಕವಲೊಡೆದಲ್ಲಿ ಪ್ರತಿಯೊಬ್ಬರೂ ತನ್ನ ಹಿಂದಿನವರು ಕಣ್ಣಿಗೆ ಬೀಳುವವರೆಗೆ ನಿಂತು, ಕೈ ತೋರಿಸಿ, ಆಮೇಲೆ ಹೊರಡುವುದು. ಒಬ್ಬೊಬ್ಬರು ಅರ್ಧ ನಿಮಿಷ ನಿಂತರೆ ಮುಗಿಯಿತು, ಇಡೀ ಗುಂಪು ನಿಲ್ಲಬೇಕಾಗಿಲ್ಲ. ತಲೆ ಎಣಿಸುವುದಕ್ಕೆ ಹೊರಡುವಾಗಲೇ ಒಂದರಿಂದ ಎಂಟರವರೆಗೆ ಸಂಖ್ಯೆ ಹಂಚಿಕೊಂಡು, ಬೇಲಿ ದಾಟಿದಾಗಲೆಲ್ಲ ಕೂಗಿ ಹೇಳುವುದು ಚೆನ್ನ. ಮಕ್ಕಳಾಟದಂತೆ ಕಾಣುತ್ತದೆ. ಆದರೆ ಒಂದೇ ಬಣ್ಣದ ಹುಡ್ ಹಾಕಿದ ಎಂಟು ಬೆನ್ನುಗಳನ್ನು ಕಣ್ಣಲ್ಲಿ ಎಣಿಸಿದಾಗ ಏಳು ಕೂಡ ಎಂಟಾಗುತ್ತದೆ.

ನಿಲ್ಲಲೇಬೇಕಾದ ಮೂರು ಕಡೆ

ಹಳ್ಳ ತುಂಬಿ ಹರಿಯುತ್ತಿದ್ದರೆ ನಿಲ್ಲಬೇಕು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ಹೊಡೆತ ನಾಲ್ಕು ಪಟ್ಟಾಗುತ್ತದೆ. ಸೆಳೆತ ಜೋರಿದ್ದರೆ 15 ಸೆಂ.ಮೀ. ನೀರೇ ದೊಡ್ಡವರನ್ನು ಕೆಡವಬಲ್ಲದು. ಕೆಂಪಗಾದ ನೀರಿನಲ್ಲಿ ತಳ ಕಾಣುವುದಿಲ್ಲ, ಉರುಳುತ್ತಿರುವ ಕಲ್ಲಿನ ಸದ್ದು ಕೇಳಿಸಿದರಂತೂ ಮಾತೇ ಇಲ್ಲ, ಹಿಂದಿರುಗಿ. ಮೊಣಕಾಲಿಗಿಂತ ಕೆಳಗೆ, ಮೆಲ್ಲಗೆ ಹರಿಯುವ, ತಳ ಕಾಣುವ ನೀರಾದರೆ ಚೀಲದ ಸೊಂಟಪಟ್ಟಿ ಎದೆಪಟ್ಟಿ ಬಿಚ್ಚಿಕೊಂಡು, ಶೂ ಹಾಕಿಕೊಂಡೇ ದಾಟಿ. ಬಿದ್ದರೆ ಚೀಲ ಕಳಚಿ ಎಸೆಯುವಂತಿರಬೇಕು. ಬೆಳಿಗ್ಗೆ ದಾಟಿದ ನೀರನ್ನೇ ಸಂಜೆ ಮತ್ತೆ ದಾಟಬೇಕಾದ ದಾರಿಯಲ್ಲಿ ಬೆಳಗಿನ ಆಳವನ್ನು ಒಂದು ಕಲ್ಲಿನ ಗುರುತಿನಿಂದ ನೆನಪಿಟ್ಟುಕೊಳ್ಳಿ. ಸಣ್ಣ ಹಳ್ಳಗಳ ಒಂದು ಒಳ್ಳೆಯ ಗುಣವೆಂದರೆ ಏರಿದಷ್ಟೇ ಬೇಗ ಇಳಿಯುತ್ತವೆ. ಮಳೆ ನಿಂತು ಕೆಲವು ಗಂಟೆ ಕಳೆದರೆ ಅದೇ ಜಾಗ ದಾಟುವಂತಾಗಬಹುದು.

ಮಿಂಚು ಎರಡನೆಯದು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ. 30 ಸೆಕೆಂಡಿನ ಒಳಗಿದ್ದರೆ 10 ಕಿ.ಮೀ. ಒಳಗೆ ಬಂದಿದೆ, ಬಯಲು ಬಿಡಬೇಕು. ಗಟ್ಟಿ ಕಟ್ಟಡ ಅಥವಾ ಮುಚ್ಚಿದ ವಾಹನವೇ ಆಸರೆ. ಒಂಟಿ ಮರದ ಬುಡ, ತಂತಿ ಬೇಲಿ, ದಿಬ್ಬದ ತುದಿ ಬೇಡವೇ ಬೇಡ. ಆಸರೆ ದೂರವಿದ್ದರೆ ತಗ್ಗಿಗೆ ಇಳಿದು, ಒಬ್ಬರಿಂದ ಒಬ್ಬರು 15-20 ಮೀಟರ್ ದೂರ ಸರಿಯಿರಿ. ಗೆಳೆಯರು ಒಟ್ಟಿಗೆ ಅಪ್ಪಿಕೊಂಡು ನಿಲ್ಲಬಾರದ ಒಂದೇ ಹೊತ್ತು ಇದು. ಸಿಡಿಲು ಬಡಿದರೆ ಎಲ್ಲರಿಗೂ ಬಡಿಯಬಾರದು, ಒಬ್ಬರಾದರೂ ನೆರವಿಗೆ ಉಳಿದಿರಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಬೇಕು.

ಮೂರನೆಯದು ಯಾರಾದರೂ ವಿನಾಕಾರಣ ಸುಮ್ಮನಾದಾಗ. ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮ ಬೀಳಬೇಕಾಗಿಲ್ಲ, 10 ಡಿಗ್ರಿಯ ಮಳೆ ಮತ್ತು ಗಾಳಿ ಸಾಕು. ಮೊದಲು ನಡುಕ, ಆಮೇಲೆ ಎಡವುವುದು, ಕೈಯಲ್ಲಿದ್ದದ್ದು ಬೀಳುವುದು, ಮಾತು ತೊದಲುವುದು, ಸಿಡುಕುವುದು. ಕೇಳಿದರೆ “ನನಗೇನೂ ಆಗಿಲ್ಲ” ಅನ್ನುತ್ತಾರೆ, ಅದನ್ನು ನಂಬಬೇಡಿ. ಗಾಳಿ ತಪ್ಪಿಸಿ, ಒದ್ದೆ ಬಟ್ಟೆ ತೆಗೆಸಿ, ಒಣ ಅಂಗಿ ಟೋಪಿ ಹಾಕಿಸಿ, ಕೆಳಗೆ ಚೀಲ ಹಾಸಿ ಕೂರಿಸಿ. ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ, ಸಿಹಿಯಾದ ಪಾನೀಯ ಕೊಡಿ. ಮದ್ಯ ಬೇಡ. ಅದು ಚರ್ಮಕ್ಕೆ ರಕ್ತ ಹರಿಸಿ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಬಿಸಿಯನ್ನು ಕಳೆಯುತ್ತದೆ. ನಡುಗುತ್ತಿದ್ದವರ ನಡುಕ ಬೆಚ್ಚಗಾಗದೆಯೇ ನಿಂತರೆ ಅದು ಕೆಟ್ಟ ಸೂಚನೆ, ತಕ್ಷಣ ತುರ್ತು ನೆರವು ಕರೆಸಬೇಕು.

ಊಟಕ್ಕೆ, ಮತ್ತು ಸುಮ್ಮನೆ

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುವ ಗಾದೆಯನ್ನು ಊಟದ ಹೊತ್ತಿಗೆ ನೆನಪಿಸಿಕೊಳ್ಳಿ. ಮಳೆ ಶುರುವಾದ ಮೊದಲ ಹತ್ತಿಪ್ಪತ್ತು ನಿಮಿಷ ಮರ ನೀರು ಹಿಡಿದಿಟ್ಟುಕೊಳ್ಳುತ್ತದೆ, ಆಗ ಅದು ಕೊಡೆ. ಎಲೆ ತುಂಬಿದ ಮೇಲೆ ಸಣ್ಣ ಹನಿಗಳನ್ನು ಕೂಡಿಸಿ ದಪ್ಪ ಹನಿ ಮಾಡಿ ಕತ್ತಿನೊಳಗೆ ಬಿಡುತ್ತದೆ. ಊಟಕ್ಕೆ ಮರಕ್ಕಿಂತ ಗಾಳಿ ತಡೆಯುವ ಗೋಡೆ ಅಥವಾ ದಟ್ಟ ಬೇಲಿಯ ಮರೆ ಮೇಲು. ಮರೆಯಿಲ್ಲದಿದ್ದರೆ ಹಗುರ ನೈಲಾನಿನ, ತಳವಿಲ್ಲದ ದೊಡ್ಡ ಚೀಲದಂಥ ಗುಡಾರ ಸಿಗುತ್ತದೆ. ಕೋಲು, ಗೂಟ ಏನೂ ಬೇಡ. ಎಲ್ಲರೂ ಎರಡು ಸಾಲಾಗಿ ಎದುರುಬದುರು ಕೂತು ಅದನ್ನು ತಲೆಯ ಮೇಲೆ ಎಳೆದುಕೊಂಡು, ಅಂಚನ್ನು ಕುಂಡೆಯ ಕೆಳಗೆ ಹಾಕಿಕೊಂಡರೆ ಆಯಿತು. ತೂಕ ಒಂದು ಕಿಲೋ ಆಸುಪಾಸು. ಎಂಟು ಜನ, ತಲೆಗೆ 100 ವಾಟ್: ಒಳಗೆ 800 ವಾಟಿನ ಒಂದು ಹೀಟರ್ ಹಚ್ಚಿದಂತೆ. ಐದು ನಿಮಿಷದಲ್ಲಿ ಕನ್ನಡಕಗಳು ಮಂಜಾಗುತ್ತವೆ, ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಬೆಳಗಿನಿಂದ ಹುಡ್ ಒಳಗೆ ಸಿಕ್ಕಿಕೊಂಡಿದ್ದ ಮಾತೆಲ್ಲ ಹೊರಬರುತ್ತದೆ. ಉಸಿರಿಗಾಗಿ ಗಾಳಿಕಿಂಡಿ ತೆರೆದಿಡಿ, ಒಳಗೆ ಒಲೆ ಹಚ್ಚಬೇಡಿ. ಇಲ್ಲಿ 20 ನಿಮಿಷ ಕೂತರೂ ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ನಿಮಿಷ ಉಳಿಸುವುದು ಯಾತಕ್ಕೆ ಎಂದರೆ, ನಿಲ್ಲಬೇಕು ಅನ್ನಿಸಿದ ಕಡೆ ನಿಲ್ಲುವುದಕ್ಕೆ. ಒಣ ನೆಲಕ್ಕೆ ಮೊದಲ ಹನಿ ಬಿದ್ದಾಗ ಏಳುವ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಪೆಟ್ರಿಕೋರ್ ಎಂದು ಹೆಸರಿಟ್ಟರು. ಗಿಡಗಳ ಎಣ್ಣೆಯಂಶ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಸೇರಿದ ವಾಸನೆ ಅದು. ಹನಿ ಬಿದ್ದಾಗ ಮಣ್ಣಿನ ರಂಧ್ರದ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆದು, ಕಣ್ಣಿಗೆ ಕಾಣದ ತುಂತುರನ್ನು ಗಾಳಿಗೆ ಚಿಮ್ಮುತ್ತದೆ ಎಂದು 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಧೋ ಎನ್ನುವ ಮಳೆಗಿಂತ ಹದವಾದ ಮಳೆಯಲ್ಲಿ ಇದು ಹೆಚ್ಚು. ಹಾಗಾಗಿ ಆ ವಾಸನೆಗೆಂದು ನಿಲ್ಲುವುದಾದರೆ ಮೊದಲ ಕೆಲವು ನಿಮಿಷದಲ್ಲೇ ನಿಲ್ಲಬೇಕು, ಹುಡ್ ಇನ್ನೂ ಹಿಂದಿರುವಾಗ. ಮುಂದೆ ದನಗಳು ಸಿಕ್ಕರೆ ಅವು ಹೇಗೆ ನಿಂತಿವೆ ನೋಡಿ. ಎಲ್ಲವೂ ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಒಂದೇ ದಿಕ್ಕಿಗೆ. ಊಟಕ್ಕೆ ಯಾವ ಕಡೆ ಮರೆ ಹುಡುಕಬೇಕೆಂದು ಅವುಗಳಿಂದಲೇ ತಿಳಿಯುತ್ತದೆ. ದಾರಿಗೆ ಬಂದ ಎರೆಹುಳುಗಳನ್ನು ನೋಡಲು ಬಗ್ಗಿದವರಿಗೆ ಅವಸರ ಮಾಡಬೇಡಿ. ಚರ್ಮದಿಂದಲೇ ಉಸಿರಾಡುವ ಅವಕ್ಕೆ, ಚರ್ಮ ಒಣಗದೆ ನೆಲದ ಮೇಲೆ ದೂರ ಹೋಗಲು ಆಗುವುದು ಇಂಥ ದಿನವೇ.

ಮನೆ ಸೇರಿದ ಮೇಲೆ ಶೂನ ಒಳಅಟ್ಟೆ ತೆಗೆದು, ಲೇಸು ಪೂರ್ತಿ ಸಡಿಲಿಸಿ, ನಾಲಿಗೆಯನ್ನು ಮುಂದಕ್ಕೆ ಎಳೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುರುಕಿ. ಒಲೆಯ ಮುಂದೆ, ಹೀಟರಿನ ಮೇಲೆ ಇಡಬೇಡಿ. ಅಂಟು ಬಿಡುತ್ತದೆ, ಚರ್ಮದ ಬೂಟು ಸೀಳುತ್ತದೆ. ಎರಡು ಗಂಟೆಗೆ ಆ ಕಾಗದ ತೊಪ್ಪೆಯಾಗಿರುತ್ತದೆ, ತೆಗೆದು ಹೊಸದು ಹಾಕಿ. ಮಲಗುವ ಮುಂಚೆ ಇನ್ನೊಮ್ಮೆ. ಬೆಳಿಗ್ಗೆ ತೆಗೆದ ಉಂಡೆ ಬರೀ ತಣ್ಣಗಿದ್ದು ಮೆತ್ತಗಿಲ್ಲದಿದ್ದರೆ ಒಳಅಟ್ಟೆ ಮತ್ತೆ ಹಾಕಬಹುದು.